ಕಡಲ ಬಾಗಿಲಿನ ಕಾಯಕ: ಪುಟ್ಟ ದೇಶ ಜಿಬೂಟಿಯ ವಾಣಿಜ್ಯ ಪಥ

ಭೂಮಿಯುಳ್ಳವನು ಬೆಳೆದು ಬದುಕುತ್ತಾನೆ. ಕಸುಬು ಬಲ್ಲವನು ದುಡಿದು ಬದುಕುತ್ತಾನೆ. ಸರಕುಳ್ಳವನು ಮಾರಿ ಬದುಕುತ್ತಾನೆ. ಬೆಳೆಯಲು ಹೊಲವಿಲ್ಲದ, ಕುಡಿಯಲು ಸಾಕಷ್ಟು ಸಿಹಿನೀರಿಲ್ಲದ, ಭೂಗರ್ಭದಿಂದ ತೆಗೆದು ಮಾರಲು ತೈಲವಾಗಲಿ ಬಂಗಾರವಾಗಲಿ ಹೇರಳವಾಗಿಲ್ಲದ ನಾಡೊಂದು ಹೇಗೆ ಬದುಕಬೇಕು? ಆಫ್ರಿಕಾ ಖಂಡದ ಪೂರ್ವದ ಅಂಚಿನಲ್ಲಿರುವ ಜಿಬೂಟಿ ಎಂಬ ಪುಟ್ಟ ದೇಶದ ಬದುಕೇ ಈ ಪ್ರಶ್ನೆಗೆ ಉತ್ತರವಾಗಿದೆ.

ನಮ್ಮ ಶರಣ ಪರಂಪರೆಯಲ್ಲಿ ಅಂಬಿಗರ ಚೌಡಯ್ಯನವರ ಹೆಸರನ್ನು ಅರಿಯದವರಿಲ್ಲ. ಅಂಬಿಗನಾದವನಿಗೆ ತಾನು ಸಾಗಿಸುವ ಸರಕಿನ ಮೇಲೆ ಒಡೆತನವಿಲ್ಲ. ಪರರ ಗಂಟುಮೂಟೆಗಳನ್ನು ಜೋಪಾನವಾಗಿ ದಡ ಸೇರಿಸಿ, ಆ ಶ್ರಮಕ್ಕೆ ದೊರೆತ ಕೂಲಿಯಿಂದ ಸಂಸಾರ ನಡೆಸುವುದು ಅವನ ಕಾಯಕ. ಜಿಬೂಟಿ ದೇಶದ ಕಾಯಕವೂ ಇಂಥದೇ ಆಗಿದೆ. ಒಂದು ಇಡೀ ರಾಷ್ಟ್ರವೇ ಅಂಬಿಗನಂತೆ ನಿಂತು, ಜಗತ್ತಿನ ಸರಕನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿಸುತ್ತಿದೆ. ಈ ಕಾಯಕದ ಹಿರಿಮೆಯನ್ನೂ ಅದರಲ್ಲಿ ಅಡಗಿರುವ ಅಪಾಯವನ್ನೂ ಓದುಗ ಬಂಧುಗಳ ಮುಂದಿರಿಸುವುದು ಈ ಲೇಖನದ ಉದ್ದೇಶ.

ಬರಡು ನೆಲ, ಬೆಲೆಯುಳ್ಳ ಸ್ಥಾನ

ಜಿಬೂಟಿಯ ವಿಸ್ತೀರ್ಣ ಸುಮಾರು 23,200 ಚದರ ಕಿಲೋಮೀಟರು. ನಮ್ಮ ಬೆಳಗಾವಿ ಜಿಲ್ಲೆಯ ಎರಡು ಪಟ್ಟಿಗೂ ಅದು ಕಡಿಮೆ. ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ದೇಶದ ಹೆಸರನ್ನೇ ಹೊತ್ತ ರಾಜಧಾನಿಯಲ್ಲಿ ವಾಸಿಸುತ್ತಾರೆ. ಉತ್ತರಕ್ಕೆ ಎರಿಟ್ರಿಯಾ, ಪಶ್ಚಿಮಕ್ಕೂ ದಕ್ಷಿಣಕ್ಕೂ ಇಥಿಯೋಪಿಯಾ, ಆಗ್ನೇಯಕ್ಕೆ ಸೊಮಾಲಿಯಾ ಇವೆ. ಪೂರ್ವಕ್ಕೆ ಕಡಲು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುತ್ತದೆ. ಮಳೆಯಂತೂ ಬಯಲುಸೀಮೆಯ ಬರವನ್ನು ಕಂಡುಂಡ ನಮಗೂ ಅಚ್ಚರಿಯಾಗುವಷ್ಟು ವಿರಳ.

ದೇಶದ ನಡುಭಾಗದಲ್ಲಿರುವ ಅಸ್ಸಾಲ್ ಸರೋವರವು ಸಮುದ್ರಮಟ್ಟಕ್ಕಿಂತ ಸುಮಾರು 155 ಮೀಟರು ಕೆಳಗಿದೆ. ಆಫ್ರಿಕಾ ಖಂಡದಲ್ಲಿಯೇ ಅತ್ಯಂತ ತಗ್ಗಾದ ಸ್ಥಳವಿದು. ಅದರ ನೀರು ಕಡಲ ನೀರಿಗಿಂತ ಹಲವು ಪಟ್ಟು ಉಪ್ಪು. ಅಫಾರ್ ಜನಾಂಗದವರು ಶತಮಾನಗಳ ಕಾಲ ಇಲ್ಲಿನ ಉಪ್ಪನ್ನು ಒಂಟೆಗಳ ಮೇಲೆ ಹೇರಿಕೊಂಡು ಇಥಿಯೋಪಿಯಾದ ಎತ್ತರದ ನಾಡಿಗೆ ಒಯ್ದು, ಅಲ್ಲಿಂದ ಧಾನ್ಯವನ್ನು ತರುತ್ತಿದ್ದರು. ಬಂದರು ಹುಟ್ಟುವ ಮೊದಲೇ ಈ ನೆಲದ ಜನರಿಗೆ ಸಾಗಾಣಿಕೆಯೇ ಜೀವನವಾಗಿತ್ತೆಂಬುದಕ್ಕೆ ಇದೊಂದು ನಿದರ್ಶನ. ಅಫಾರರು ಹಾಗೂ ಸೊಮಾಲಿ ಮೂಲದ ಈಸಾ ಜನರು ಇಲ್ಲಿನ ಎರಡು ಪ್ರಮುಖ ಸಮುದಾಯಗಳು.

ನೆಲ ಬರಡಾದರೂ ಅದಿರುವ ಸ್ಥಾನಕ್ಕೆ ಬೆಲೆ ಕಟ್ಟಲಾಗದು. ಕೆಂಪು ಸಮುದ್ರವು ಏಡನ್ ಕೊಲ್ಲಿಯನ್ನು ಕೂಡುವಲ್ಲಿ ಬಾಬ್-ಎಲ್-ಮಂಡೆಬ್ ಎಂಬ ಇಕ್ಕಟ್ಟಾದ ಜಲಸಂಧಿಯಿದೆ. ಅರಬ್ಬಿ ಭಾಷೆಯಲ್ಲಿ ಈ ಹೆಸರಿಗೆ ‘ಕಣ್ಣೀರಿನ ಬಾಗಿಲು’ ಎಂದು ಅರ್ಥ ಹೇಳುತ್ತಾರೆ. ಒಂದು ಬದಿಗೆ ಅರೇಬಿಯಾದ ಯೆಮೆನ್, ಇನ್ನೊಂದು ಬದಿಗೆ ಆಫ್ರಿಕಾ. ನಡುವಣ ಅಂತರ ಸುಮಾರು 30 ಕಿಲೋಮೀಟರು ಮಾತ್ರ. ಏಷ್ಯಾ ಮತ್ತು ಯೂರೋಪುಗಳ ನಡುವೆ ಸುಯೆಜ್ ಕಾಲುವೆಯ ಮೂಲಕ ಹೋಗಿಬರುವ ಹಡಗುಗಳೆಲ್ಲ ಈ ಬಾಗಿಲನ್ನು ದಾಟಲೇಬೇಕು. ಶಾಂತಿಯ ದಿನಗಳಲ್ಲಿ ಜಗತ್ತಿನ ಸಮುದ್ರ ವ್ಯಾಪಾರದ ಹತ್ತನೆಯ ಒಂದು ಭಾಗದಷ್ಟು ಸರಕು ಈ ದಾರಿಯಲ್ಲಿ ಸಾಗುತ್ತದೆ. ಆ ಬಾಗಿಲ ಪಕ್ಕದ ಜಗಲಿಯ ಮೇಲೆ ಜಿಬೂಟಿ ಕುಳಿತಿದೆ.

ಬಂದರು ಹುಟ್ಟಿದ ಬಗೆ

1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಅದಕ್ಕೆ ಏಳು ವರ್ಷ ಮೊದಲೇ, 1862ರಲ್ಲಿ, ಫ್ರೆಂಚರು ಸ್ಥಳೀಯ ಸುಲ್ತಾನರೊಡನೆ ಒಪ್ಪಂದ ಮಾಡಿಕೊಂಡು ಕೊಲ್ಲಿಯ ಉತ್ತರದ ಓಬೋಕ್ ಎಂಬಲ್ಲಿ ನೆಲೆಯೂರಿದ್ದರು. ದೂರದ ವಸಾಹತುಗಳಿಗೆ ಹೋಗುವ ತಮ್ಮ ಹಡಗುಗಳಿಗೆ ಕಲ್ಲಿದ್ದಲು ತುಂಬಿಸಲು ಅವರಿಗೊಂದು ತಂಗುದಾಣ ಬೇಕಾಗಿತ್ತು. ಓಬೋಕಿಗಿಂತ ದಕ್ಷಿಣದ ದಡವು ಹಡಗು ನಿಲ್ಲಲು ಅನುಕೂಲವೆಂದು ಕಂಡುಬಂದುದರಿಂದ 1888ರ ಸುಮಾರಿಗೆ ಅಲ್ಲಿ ಜಿಬೂಟಿ ಪಟ್ಟಣ ತಲೆಯೆತ್ತಿತು.

ಪಟ್ಟಣಕ್ಕೆ ನಿಜವಾದ ಪ್ರಾಣ ತುಂಬಿದ್ದು ರೈಲು ಮಾರ್ಗ. ಇಥಿಯೋಪಿಯಾದ ಚಕ್ರವರ್ತಿ ಎರಡನೆಯ ಮೆನೆಲಿಕ್ 1894ರಲ್ಲಿ ಇದಕ್ಕೆ ಅನುಮತಿ ನೀಡಿದನು. ಬೆಂಗಾಡು, ಬೆಟ್ಟ, ಹಣದ ಅಡಚಣೆ ಎಲ್ಲವನ್ನೂ ದಾಟಿ ರೈಲು ಅಡಿಸ್ ಅಬಾಬಾ ತಲುಪಿದ್ದು 1917ರಲ್ಲಿ. ಸುಮಾರು 784 ಕಿಲೋಮೀಟರು ಉದ್ದದ ಈ ಹಳಿಯ ಮೇಲೆ ಇಥಿಯೋಪಿಯಾದ ಕಾಫಿ ಮತ್ತು ಚರ್ಮ ಕಡಲಿಗಿಳಿದವು. ಬಟ್ಟೆ, ಯಂತ್ರ, ಇಂಧನಗಳು ಮೇಲೇರಿದವು.

ಬಾಗಿಲಲ್ಲಿ ಕುಳಿತವನ ಬದುಕು ದಾರಿಹೋಕರನ್ನೇ ನೆಚ್ಚಿರುತ್ತದೆ. 1967ರ ಅರಬ್–ಇಸ್ರೇಲ್ ಯುದ್ಧದಿಂದಾಗಿ ಸುಯೆಜ್ ಕಾಲುವೆ ಮುಚ್ಚಿದಾಗ 1975ರವರೆಗೆ ಆ ದಾರಿಯಲ್ಲಿ ಹಡಗುಗಳು ಸಾಗಲಿಲ್ಲ, ಜಿಬೂಟಿಯ ಬಂದರು ಸೊರಗಿತು. ಇಂಥ ಸ್ಥಿತಿಯಿಂದ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿಯೇ, 1977ರ ಜೂನ್ 27ರಂದು ದೇಶವು ಸ್ವತಂತ್ರವಾಯಿತು. ಹಸನ್ ಗುಲೇದ್ ಅಪ್ತಿದೋನ್ ಮೊದಲ ಅಧ್ಯಕ್ಷರಾದರು. ಅವರ ನಂತರ 1999ರಲ್ಲಿ ಇಸ್ಮಾಯಿಲ್ ಒಮರ್ ಗೆಲ್ಲೆ ಅಧಿಕಾರ ವಹಿಸಿಕೊಂಡರು.

ನೆರೆಮನೆಯ ಹೆಬ್ಬಾಗಿಲು

ಜಿಬೂಟಿಯ ಭಾಗ್ಯ ತೆರೆದದ್ದು ನೆರೆಮನೆಯ ಕಷ್ಟದಿಂದ. 1993ರಲ್ಲಿ ಎರಿಟ್ರಿಯಾ ಪ್ರತ್ಯೇಕ ರಾಷ್ಟ್ರವಾದಾಗ ಇಥಿಯೋಪಿಯಾ ತನ್ನ ಕಡಲ ತೀರವನ್ನೆಲ್ಲ ಕಳೆದುಕೊಂಡಿತು. ಆದರೂ ಎರಿಟ್ರಿಯಾದ ಅಸ್ಸಾಬ್ ಬಂದರನ್ನು ಕೆಲಕಾಲ ಬಳಸುತ್ತಿತ್ತು. 1998ರಲ್ಲಿ ಎರಡೂ ದೇಶಗಳ ನಡುವೆ ಯುದ್ಧ ಹೊತ್ತಿಕೊಂಡಾಗ ಆ ದಾರಿಯೂ ಮುಚ್ಚಿತು. ಅಂದಿನಿಂದ ಇಥಿಯೋಪಿಯಾದ ಹೊರವ್ಯಾಪಾರದ ನೂರಕ್ಕೆ ತೊಂಬತ್ತಕ್ಕೂ ಮಿಕ್ಕ ಭಾಗ ಜಿಬೂಟಿಯ ಮೂಲಕ ನಡೆಯತೊಡಗಿತು. ಇಂದು ಹನ್ನೆರಡು ಕೋಟಿಗೂ ಹೆಚ್ಚು ಜನರಿರುವ ಇಥಿಯೋಪಿಯಾಕ್ಕೆ ಹತ್ತು ಲಕ್ಷ ಜನರ ಜಿಬೂಟಿಯೇ ಹೆಬ್ಬಾಗಿಲು.

ಈ ವ್ಯವಹಾರ ನಡೆಯುವ ಕ್ರಮವನ್ನು ತಿಳಿದರೆ ದೇಶದ ಆದಾಯದ ಮೂಲವೂ ತಿಳಿಯುತ್ತದೆ. ಗೋಧಿ, ರಸಗೊಬ್ಬರ, ಯಂತ್ರೋಪಕರಣ, ವಾಹನಗಳನ್ನು ಹೊತ್ತ ಹಡಗು ಬಂದರಿಗೆ ಬರುತ್ತದೆ. ಕ್ರೇನುಗಳು ಸರಕನ್ನು ಇಳಿಸುತ್ತವೆ. ಅದು ಜಿಬೂಟಿಯಲ್ಲಿ ಮಾರಾಟವಾಗುವ ಸರಕಲ್ಲ, ಹಾದುಹೋಗುವ ಸರಕು. ಆದುದರಿಂದ ಮೊಹರು ಮಾಡಿದ ಪೆಟ್ಟಿಗೆಗಳಲ್ಲಿಯೇ ಲಾರಿಗಳ ಮೇಲೋ ರೈಲಿನಲ್ಲೋ ಗಡಿ ದಾಟುತ್ತದೆ. ಲಾರಿಗಳು ಗಲಾಫಿ ಗಡಿಯನ್ನು ಹಾದು, ಅಡಿಸ್ ಅಬಾಬಾದ ಸಮೀಪವಿರುವ ಮೊಜೊ ಎಂಬ ಒಣಬಂದರನ್ನು ತಲುಪುತ್ತವೆ. ಸುಂಕದ ತಪಾಸಣೆ ನಡೆಯುವುದು ಅಲ್ಲಿ. ಹಡಗು ನಿಲ್ಲಿಸಿದ್ದಕ್ಕೆ, ಸರಕು ಇಳಿಸಿದ್ದಕ್ಕೆ, ಗೋದಾಮಿನಲ್ಲಿ ಇಟ್ಟದ್ದಕ್ಕೆ, ಕಾಗದಪತ್ರ ಮಾಡಿಕೊಟ್ಟದ್ದಕ್ಕೆ, ರಸ್ತೆ ಬಳಸಿದ್ದಕ್ಕೆ ಒಂದೊಂದಕ್ಕೂ ಶುಲ್ಕವುಂಟು. ಈ ಶುಲ್ಕಗಳ ಮೊತ್ತವೇ ಅಂಬಿಗನ ಕೂಲಿ.

ಕೊಡುವುದು ತೆಗೆದುಕೊಳ್ಳುವುದು ಇಬ್ಬರ ನಡುವೆಯೂ ಇದೆ. 2011ರಿಂದ ಇಥಿಯೋಪಿಯಾದ ಜಲವಿದ್ಯುತ್ತು ತಂತಿಯ ಮೂಲಕ ಜಿಬೂಟಿಗೆ ಹರಿಯುತ್ತಿದೆ. 2017ರಲ್ಲಿ ಕುಡಿಯುವ ನೀರನ್ನು ಗಡಿಯಾಚೆಯಿಂದ ತರುವ ಕೊಳವೆ ಮಾರ್ಗವೂ ಸಿದ್ಧವಾಯಿತು. ಜಿಬೂಟಿಯ ಮಾರುಕಟ್ಟೆಗೆ ತರಕಾರಿ, ಹಣ್ಣುಗಳು ಬರುವುದೂ ಬಹುಪಾಲು ಅಲ್ಲಿಂದಲೇ. ಒಬ್ಬನಿಗೆ ಬಾಗಿಲು ಬೇಕು, ಇನ್ನೊಬ್ಬನಿಗೆ ನೀರು ಬೇಕು. ಹೀಗೆ ಎರಡು ಮನೆಗಳು ಒಂದೇ ಗೋಡೆಗೆ ಆತುಕೊಂಡು ನಿಂತಿವೆ.

ಹರಿದು ಬಂದ ಬಂಡವಾಳ

ವಿದೇಶೀ ಬಂಡವಾಳಗಾರರು ಜಿಬೂಟಿಯತ್ತ ನೋಡುವುದಕ್ಕೆ ಸ್ಥಾನವಲ್ಲದೆ ಇನ್ನೊಂದು ಕಾರಣವೂ ಇದೆ. ಅದು ಅಲ್ಲಿನ ನಾಣ್ಯದ ಸ್ಥಿರತೆ. ಜಿಬೂಟಿಯ ಫ್ರಾಂಕನ್ನು 1949ರಲ್ಲಿಯೇ ಅಮೆರಿಕದ ಡಾಲರಿಗೆ ಕಟ್ಟಲಾಯಿತು. 1973ರಿಂದ ಒಂದು ಡಾಲರಿಗೆ ಸುಮಾರು 177.72 ಫ್ರಾಂಕುಗಳೆಂಬ ದರ ಬದಲಾಗಿಲ್ಲ. ಚಲಾವಣೆಯಲ್ಲಿರುವ ಹಣಕ್ಕೆ ಸರಿಸಮನಾದ ವಿದೇಶೀ ವಿನಿಮಯವನ್ನು ಕಾಯ್ದಿಡುವ ಕಟ್ಟುನಿಟ್ಟು ಇದಕ್ಕೆ ಆಧಾರ. ಸುತ್ತಲಿನ ದೇಶಗಳಲ್ಲಿ ಯುದ್ಧ, ಕ್ಷಾಮ, ಹಣದುಬ್ಬರಗಳು ಕಾಡುತ್ತಿರುವಾಗ ಐದು ದಶಕಗಳ ಕಾಲ ನಾಣ್ಯದ ಮಾತನ್ನು ಉಳಿಸಿಕೊಂಡದ್ದು ಸಾಮಾನ್ಯ ಸಾಧನೆಯಲ್ಲ.

2006ರಲ್ಲಿ ದುಬೈ ಮೂಲದ ಡಿಪಿ ವರ್ಲ್ಡ್ ಸಂಸ್ಥೆಯು ದೊರಾಲೆ ಎಂಬಲ್ಲಿ ಕಂಟೇನರ್ ನಿಲ್ದಾಣವನ್ನು ಕಟ್ಟಿ ನಡೆಸುವ ದೀರ್ಘಾವಧಿ ಒಪ್ಪಂದ ಪಡೆಯಿತು. 2009ರ ವೇಳೆಗೆ ಅದು ಕೆಲಸ ಆರಂಭಿಸಿ, ದೊಡ್ಡ ಹಡಗುಗಳು ಬಂದು ನಿಲ್ಲುವಂತಾಯಿತು. ಮುಂದೆ ಸರ್ಕಾರಕ್ಕೂ ಸಂಸ್ಥೆಗೂ ಮನಸ್ತಾಪ ಬೆಳೆದು, ಒಪ್ಪಂದವು ರಾಷ್ಟ್ರದ ಸಾರ್ವಭೌಮತೆಗೆ ಧಕ್ಕೆ ತರುತ್ತದೆಂದು ಹೇಳಿ ಸರ್ಕಾರವು 2018ರ ಫೆಬ್ರವರಿಯಲ್ಲಿ ನಿಲ್ದಾಣವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅದೇ ವರ್ಷ ಲಂಡನ್ನಿನ ಮಧ್ಯಸ್ಥಿಕೆ ಪೀಠವು ಒಪ್ಪಂದ ಊರ್ಜಿತವೆಂದು ತೀರ್ಪಿತ್ತಿತು. ಜಿಬೂಟಿ ಅದನ್ನು ಒಪ್ಪಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ತನ್ನ ನೆಲದ ಮೇಲೆ ತನ್ನ ಹಕ್ಕು ಎಂಬ ಮಾತು ನ್ಯಾಯವಾದುದೇ. ಆದರೆ ಕೊಟ್ಟ ಮಾತಿನ ಮೇಲೆ ನಿಂತಿರುವ ವ್ಯಾಪಾರದಲ್ಲಿ ಮಾತು ಮುರಿದರೆ ಮುಂದಿನ ಬಂಡವಾಳಗಾರನು ಎರಡು ಬಾರಿ ಯೋಚಿಸುತ್ತಾನೆಂಬುದೂ ಅಷ್ಟೇ ನಿಜ. ಅತ್ತ ಡಿಪಿ ವರ್ಲ್ಡ್ ಸಂಸ್ಥೆಯು ನೆರೆಯ ಸೊಮಾಲಿಲ್ಯಾಂಡಿನ ಬರ್ಬೆರಾ ಬಂದರನ್ನು ಅಭಿವೃದ್ಧಿಪಡಿಸಿತು. ಅಲ್ಲಿನ ಹೊಸ ಕಂಟೇನರ್ ನಿಲ್ದಾಣವು 2021ರಲ್ಲಿ ತೆರೆದು, ಜಿಬೂಟಿಗೆ ಪ್ರತಿಸ್ಪರ್ಧಿಯಾಯಿತು.

ಚೀನಾದ ಪ್ರವೇಶವು ಇನ್ನೂ ದೊಡ್ಡ ಪ್ರಮಾಣದ್ದು. ಅಡಿಸ್ ಅಬಾಬಾ–ಜಿಬೂಟಿ ನಡುವಣ ಸುಮಾರು 750 ಕಿಲೋಮೀಟರು ಉದ್ದದ ಹೊಸ ವಿದ್ಯುತ್ ರೈಲು ಮಾರ್ಗವನ್ನು ಚೀನೀ ಸಂಸ್ಥೆಗಳು ನಿರ್ಮಿಸಿದವು. ಅಲ್ಲಿನ ಎಕ್ಸಿಂ ಬ್ಯಾಂಕು ಸಾಲ ನೀಡಿತು. 2018ರ ಜನವರಿಯಲ್ಲಿ ವಾಣಿಜ್ಯ ಸಂಚಾರ ಆರಂಭವಾಯಿತು. 2017ರಲ್ಲಿ ದೊರಾಲೆಯ ಬಹೂಪಯೋಗಿ ಬಂದರು ತೆರೆಯಿತು. 2018ರ ಜುಲೈನಲ್ಲಿ, ಪೂರ್ಣಗೊಂಡಾಗ 48 ಚದರ ಕಿಲೋಮೀಟರು ವ್ಯಾಪಿಸಲಿರುವ ಅಂತಾರಾಷ್ಟ್ರೀಯ ಮುಕ್ತ ವ್ಯಾಪಾರ ವಲಯದ ಮೊದಲ ಹಂತ ಉದ್ಘಾಟನೆಗೊಂಡಿತು. ಸರಕನ್ನು ಕೇವಲ ದಾಟಿಸುವ ಬದಲು ಜೋಡಣೆ, ಸಂಸ್ಕರಣೆ, ಸಂಗ್ರಹಣೆಗಳನ್ನೂ ಇಲ್ಲಿಯೇ ನಡೆಸಿ ಸ್ಥಳೀಯರಿಗೆ ಉದ್ಯೋಗ ಒದಗಿಸುವುದು ಇದರ ಗುರಿ. ನಮ್ಮ ಭಾರತವೂ ಅಲಿ ಸಬೀಹ್ ಎಂಬ ಊರಿನ ಸಿಮೆಂಟ್ ಕಾರ್ಖಾನೆಗೆ ಸಾಲದ ನೆರವು ನೀಡಿದೆ.

ಜಿಬೂಟಿಗೆ ಇನ್ನೊಂದು ವಿಚಿತ್ರ ಆದಾಯವಿದೆ. ಫ್ರಾನ್ಸಿನ ಸೇನೆ ಸ್ವಾತಂತ್ರ್ಯಾನಂತರವೂ ಅಲ್ಲಿಯೇ ಉಳಿಯಿತು. 2002ರಲ್ಲಿ ಅಮೆರಿಕ ಲೆಮೊನಿಯೆ ಶಿಬಿರದಲ್ಲಿ ನೆಲೆಯೂರಿತು. ಕಡಲ್ಗಳ್ಳರ ಹಾವಳಿಯ ಕಾಲದಲ್ಲಿ, 2011ರಲ್ಲಿ ಜಪಾನ್, ಅನಂತರ ಇಟಲಿ ಬಂದವು. 2017ರಲ್ಲಿ ಚೀನಾ ತನ್ನ ಮೊಟ್ಟಮೊದಲ ಸಾಗರೋತ್ತರ ಸೇನಾ ನೆಲೆಯನ್ನು ಇಲ್ಲಿಯೇ ತೆರೆಯಿತು. 2014ರ ಒಪ್ಪಂದದಂತೆ ಅಮೆರಿಕವೊಂದೇ ವರ್ಷಕ್ಕೆ ಸುಮಾರು 6.3 ಕೋಟಿ ಡಾಲರ್ ಬಾಡಿಗೆ ಕೊಡಲು ಒಪ್ಪಿತು. ಹೊರಗೆ ಪರಸ್ಪರ ಸಂಶಯದಿಂದ ನೋಡುವ ರಾಷ್ಟ್ರಗಳು ಒಂದೇ ಅಂಗಳದಲ್ಲಿ ಬಾಡಿಗೆದಾರರಾಗಿರುವುದು ಜಗತ್ತಿನಲ್ಲಿ ಅಪರೂಪದ ದೃಶ್ಯ.

ಕಣ್ಣೀರಿನ ಬಾಗಿಲಲ್ಲಿ ಆಶ್ರಯ

2015ರ ಮಾರ್ಚಿಯಲ್ಲಿ ಯೆಮೆನ್ ದೇಶದ ಅಂತರ್ಯುದ್ಧ ಉಲ್ಬಣಿಸಿತು. ಅಲ್ಲಿ ದಾದಿಯರಾಗಿ, ಕಾರ್ಮಿಕರಾಗಿ, ಶಿಕ್ಷಕರಾಗಿ ದುಡಿಯುತ್ತಿದ್ದ ಸಾವಿರಾರು ಭಾರತೀಯರು ಸಿಕ್ಕಿಕೊಂಡರು. ಆಗ ಭಾರತ ಸರ್ಕಾರ ಕೈಗೊಂಡ ‘ರಾಹತ್’ ಕಾರ್ಯಾಚರಣೆಗೆ ಜಿಬೂಟಿಯೇ ಮುಖ್ಯ ನೆಲೆಯಾಯಿತು. ನೌಕಾಪಡೆಯ ಸುಮಿತ್ರಾ, ಮುಂಬೈ, ತರ್ಕಶ್ ಹಡಗುಗಳು ಏಡನ್ ಮುಂತಾದ ಬಂದರುಗಳಿಂದ ಜನರನ್ನು ತುಂಬಿಕೊಂಡು ಜಲಸಂಧಿಯ ಈಚೆ ದಡಕ್ಕೆ ತಂದವು. ಅಲ್ಲಿಂದ ವಾಯುಪಡೆಯ ವಿಮಾನಗಳು ಅವರನ್ನು ತಾಯ್ನಾಡಿಗೆ ಮುಟ್ಟಿಸಿದವು. ಅಂದಿನ ವಿದೇಶಾಂಗ ಖಾತೆಯ ರಾಜ್ಯ ಸಚಿವ ಜನರಲ್ ವಿ. ಕೆ. ಸಿಂಗ್ ಅವರು ಜಿಬೂಟಿಯಲ್ಲಿಯೇ ಬೀಡುಬಿಟ್ಟು ಕಾರ್ಯದ ಮೇಲ್ವಿಚಾರಣೆ ನೋಡಿಕೊಂಡರು. ಒಟ್ಟು 4,600ಕ್ಕೂ ಹೆಚ್ಚು ಭಾರತೀಯರು ಮತ್ತು 41 ದೇಶಗಳ 900ಕ್ಕೂ ಹೆಚ್ಚು ವಿದೇಶೀಯರು ಪಾರಾದರು.

ತನಗೇ ನೀರಿನ ಕೊರತೆಯಿರುವ ದೇಶವು ಅದೇ ಸಮಯದಲ್ಲಿ ಯೆಮೆನಿನ ನಿರಾಶ್ರಿತರಿಗೂ ಓಬೋಕಿನಲ್ಲಿ ತಂಗಲು ತಾವು ಕೊಟ್ಟಿತು. ಇದನ್ನು ದಾಸೋಹವೆಂದು ಕರೆಯಲು ನಮಗೆ ಸಂಕೋಚವಿಲ್ಲ. ಭಾರತವು ಈ ಉಪಕಾರವನ್ನು ಮರೆಯಲಿಲ್ಲ. 2017ರ ಅಕ್ಟೋಬರಿನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಜಿಬೂಟಿಗೆ ಭೇಟಿ ಕೊಟ್ಟರು. 2019ರಲ್ಲಿ ಇಸ್ಮಾಯಿಲ್ ಒಮರ್ ಗೆಲ್ಲೆ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ನಮ್ಮ ಕಾಫಿಯ ದಾರಿಯೂ ಇದೇ

ಎಲ್ಲಿಯದೋ ಆಫ್ರಿಕಾದ ಬಂದರು, ನಮಗೇಕೆ ಅದರ ಚಿಂತೆ ಎಂದು ಯಾರಾದರೂ ಕೇಳಬಹುದು. ಬಾಬಾಬುಡನ್ ಅವರು ಯೆಮೆನಿನಿಂದ ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬ ಐತಿಹ್ಯ ನಮ್ಮಲ್ಲಿ ಮನೆಮಾತಾಗಿದೆ. ಆ ಬೀಜಗಳು ಬಂದವೆಂದು ಹೇಳುವ ಮೋಖಾ ಬಂದರು ಈ ಜಲಸಂಧಿಯ ಸಮೀಪದಲ್ಲಿಯೇ ಇದೆ. ಅಂದು ಬೀಜ ಬಂದ ಕಡಲಿನಲ್ಲಿಯೇ ಇಂದು ನಮ್ಮ ಫಸಲು ಹೊರದೇಶಕ್ಕೆ ಹೋಗುತ್ತದೆ. ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಅದರ ದೊಡ್ಡ ಪಾಲು ಇಟಲಿ, ಜರ್ಮನಿ ಮೊದಲಾದ ಯೂರೋಪಿನ ದೇಶಗಳಿಗೆ ಕೆಂಪು ಸಮುದ್ರದ ಮಾರ್ಗವಾಗಿ ಸಾಗುತ್ತಿತ್ತು.

2023ರ ನವೆಂಬರಿನಿಂದ ಯೆಮೆನಿನ ಹೂಥಿ ಬಂಡುಕೋರರು ವಾಣಿಜ್ಯ ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ ಅನೇಕ ಹಡಗು ಕಂಪನಿಗಳು ಈ ಬಾಗಿಲನ್ನು ತೊರೆದು, ಆಫ್ರಿಕಾದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗತೊಡಗಿದವು. ಪ್ರಯಾಣಕ್ಕೆ ಹತ್ತು ಹದಿನೈದು ದಿನ ಹೆಚ್ಚು ಹಿಡಿಯಿತು. ಬಾಡಿಗೆ ಏರಿತು, ವಿಮೆಯ ಕಂತು ಏರಿತು, ಕಂಟೇನರುಗಳಿಗೆ ಅಭಾವವುಂಟಾಯಿತು. ಕೊಡಗು, ಹಾಸನ, ಚಿಕ್ಕಮಗಳೂರುಗಳ ಕಾಫಿಯನ್ನು ಕಳುಹಿಸುವ ವ್ಯಾಪಾರಿಗಳಿಗೂ ಇದರ ಬಿಸಿ ತಟ್ಟಿತು. ಕಣ್ಣಿಗೆ ಕಾಣದ ಒಂದು ಜಲಸಂಧಿಗೂ ನಮ್ಮ ತೋಟದ ಕಣಕ್ಕೂ ಇರುವ ನಂಟು ಆಗ ಅರಿವಿಗೆ ಬಂತು.

ಅಂಬಿಗನಿಗೆ ಮೂರು ಪ್ರಶ್ನೆ

ಜಿಬೂಟಿಯ ಮುಂದೆ ಇಂದು ಮೂರು ಪ್ರಶ್ನೆಗಳಿವೆ. ದೇಶದ ಬಗೆಗೆ ಕೇಳಿದರೂ ಇವು ಪ್ರತಿಯೊಂದು ಸಂಸಾರಕ್ಕೂ ಅನ್ವಯಿಸುವಂಥವು.

ಮೊದಲನೆಯದು, ಒಬ್ಬನೇ ಗಿರಾಕಿಯನ್ನು ನೆಚ್ಚುವುದು. ಬಂದರಿನ ವ್ಯವಹಾರದ ಬಹುಭಾಗ ಇಥಿಯೋಪಿಯಾದ್ದು. ಇಥಿಯೋಪಿಯಾವಾದರೋ ಬೇರೆ ಬಾಗಿಲುಗಳನ್ನು ಹುಡುಕುತ್ತಲೇ ಇದೆ. 2024ರ ಜನವರಿಯಲ್ಲಿ ಅದು ಸೊಮಾಲಿಲ್ಯಾಂಡಿನೊಡನೆ ಕಡಲ ತೀರಕ್ಕಾಗಿ ಒಡಂಬಡಿಕೆಗೆ ಸಹಿ ಹಾಕಿದಾಗ ಇಡೀ ಪ್ರದೇಶದಲ್ಲಿ ಉದ್ವಿಗ್ನತೆಯುಂಟಾಯಿತು. ಅದೇ ವರ್ಷ ಜಿಬೂಟಿಯು ತನ್ನ ಉತ್ತರದ ತಜುರಾ ಬಂದರಿನ ಬಳಕೆಯನ್ನು ಇಥಿಯೋಪಿಯಾದ ಮುಂದಿಟ್ಟಿತು. ಗಿರಾಕಿ ಕೈತಪ್ಪಿಹೋಗುವ ಅಂಜಿಕೆ ಅಂಗಡಿ ನಡೆಸುವ ಯಾರಿಗೂ ಹೊಸದಲ್ಲ.

ಎರಡನೆಯದು ಸಾಲ. ರೈಲು, ಬಂದರು, ನೀರಿನ ಕೊಳವೆ ಎಲ್ಲವೂ ಬೇಕಾದವುಗಳೇ. ಆದರೆ ಅವುಗಳಿಗಾಗಿ ತಂದ ಸಾಲದ ಹೆಚ್ಚಿನ ಭಾಗ ಒಂದೇ ದೇಶದ್ದು. ಗಳಿಕೆ ಕೈಸೇರುವ ಮೊದಲೇ ಕಂತಿನ ದಿನ ಬಂದು ನಿಲ್ಲುತ್ತದೆ. ದೇಶವು ಸಾಲದ ಸಂಕಟಕ್ಕೆ ಸಿಲುಕುವ ಅಪಾಯ ಹೆಚ್ಚಾಗಿದೆಯೆಂದು ಅಂತಾರಾಷ್ಟ್ರೀಯ ಹಣಕಾಸು ನಿಧಿಯು ಎಚ್ಚರಿಸಿದೆ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದ ಪ್ರಸಂಗವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಇಂದಿನ ಅಗತ್ಯವೆಷ್ಟು, ನಾಳೆಯ ಆಸೆಯೆಷ್ಟು ಎಂದು ಅಳೆದು ನೋಡುವ ಆ ತಾಯಿಯ ವಿವೇಕ ಮನೆಗೂ ಬೇಕು, ರಾಜ್ಯಕ್ಕೂ ಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬಂದ ಕೂಲಿ ಯಾರ ಮನೆ ಸೇರುತ್ತದೆ? ಬಂದರಿನ ಕ್ರೇನುಗಳು ಹಗಲಿರುಳು ಎತ್ತಿ ಇಳಿಸುತ್ತಿದ್ದರೂ ನಗರದ ಹೊರವಲಯದ ಬಾಲ್ಬಲಾದಂಥ ಬಡಾವಣೆಗಳಲ್ಲಿ ಬಡತನ ಮನೆಮಾಡಿದೆ. ಕೆಲಸವಿಲ್ಲದ ತರುಣರ ಸಂಖ್ಯೆ ದೊಡ್ಡದು. ಯಂತ್ರಗಳಿಂದ ನಡೆಯುವ ಬಂದರು ಹಣವನ್ನು ಹೆಚ್ಚು ತರುತ್ತದೆ, ಕೈಗಳಿಗೆ ಕೆಲಸವನ್ನು ಕಡಿಮೆ ಕೊಡುತ್ತದೆ. ಸೇನಾ ನೆಲೆಗಳ ಬಾಡಿಗೆಯಂತೂ ದುಡಿಮೆಯ ಫಲವೇ ಅಲ್ಲ. ಮುಕ್ತ ವ್ಯಾಪಾರ ವಲಯದಲ್ಲಿ ಕಾರ್ಖಾನೆಗಳು ಎದ್ದು, ಅಲ್ಲಿನ ಮಕ್ಕಳು ಕಸುಬು ಕಲಿತು ಕೆಲಸಕ್ಕೆ ಸೇರಿದರೆ ಮಾತ್ರ ಈ ಸಂಪತ್ತು ಬಂದರಿನ ಬೇಲಿಯನ್ನು ದಾಟಿ ಜನರ ಅಡುಗೆಮನೆಗೆ ತಲುಪೀತು.

ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರಿಯಾಗಿದ್ದವರು. ಹಣದ ಲೆಕ್ಕವನ್ನು ಬಲ್ಲವರಾಗಿಯೇ ಅವರು ಕಾಯಕದ ಜೊತೆಗೆ ದಾಸೋಹವನ್ನು ಇಟ್ಟರು. ಗಳಿಸುವ ಮಾರ್ಗ ಶುದ್ಧವಾಗಿರಬೇಕು, ಗಳಿಸಿದ್ದು ಹಂಚಿಕೆಯಾಗಬೇಕು ಎಂಬ ಈ ಎರಡು ಅಳತೆಗಳಲ್ಲಿ ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಅರ್ಥವಿಲ್ಲ. ಬರಡು ನೆಲದಲ್ಲಿ ನಿಂತು, ಪರರ ಸರಕನ್ನು ದಾಟಿಸಿ, ದೇಶವೊಂದನ್ನು ಕಟ್ಟಿಕೊಂಡ ಜಿಬೂಟಿಯ ಜನ ಮೊದಲ ಅಳತೆಯಲ್ಲಿ ಜಗತ್ತಿನ ಗೌರವಕ್ಕೆ ಪಾತ್ರರಾಗಿದ್ದಾರೆ. ಆಪತ್ತಿನಲ್ಲಿದ್ದ ನಮ್ಮವರಿಗೆ ದಡ ತೋರಿದ ಆ ನಾಡು ಎರಡನೆಯ ಅಳತೆಯಲ್ಲಿಯೂ ತನ್ನ ಬಡಮಕ್ಕಳ ಪಾಲಿಗೆ ದಡವಾಗಲಿ ಎಂದು ಹಾರೈಸುತ್ತೇವೆ.